ಸೊಕ್ಕಿದ್ದು ಅಡಿಕೆಯಲ್ಲ, ತೋಳಿನ ಪಟ್ಟಿ

ಕೊರೊನಾ ಬಂದು ಹೋದ ಮೇಲೂ ನನಗೆ ಸುಸ್ತು ಬಿಟ್ಟಿರಲಿಲ್ಲ. ತೋಟದಿಂದ ಮನೆಗೆ ಏರು ಹತ್ತುವಷ್ಟರಲ್ಲಿ ಎರಡು ಸಲ ಕೂರಬೇಕು. ತೀರ್ಥಹಳ್ಳಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದ್ದಾಯಿತು, ಮನೆ ಕಷಾಯ ಕುಡಿದಿದ್ದಾಯಿತು. ಆಗ ವಾಟ್ಸಾಪಿಗೆ ಒಂದು ವಿಡಿಯೊ ಬಂತು. ನಿಕೋಟಿನ್ ಪಟ್ಟಿ ಅಂಟಿಸಿಕೊಳ್ಳಿ, ವಾರದಲ್ಲಿ ಹಳೇ ಸುಸ್ತು ಮಾಯ! ನಿಕೋಟಿನ್ ಅಂದರೆ ಹೊಗೆಸೊಪ್ಪಿನಲ್ಲಿರುವ ಅಮಲಿನ ಅಂಶ, ಸಿಗರೇಟು ಬಿಡುವವರು ಚರ್ಮಕ್ಕೆ ಅಂಟಿಸಿಕೊಳ್ಳುವ ಪಟ್ಟಿ ಅದು. ನಾನು ಬೀಡಿ ಮುಟ್ಟಿದವನಲ್ಲ, ಕವಳಕ್ಕೂ ಹೊಗೆಸೊಪ್ಪು ಹಾಕುವವನಲ್ಲ. ಆದರೂ ತರಿಸಿದೆ. 7, 14, 21 ಮಿಲಿಗ್ರಾಂ ಅಂತ ಮೂರು ಬಗೆ ಇತ್ತು. ದೊಡ್ಡ ಸುಸ್ತಿಗೆ ದೊಡ್ಡದೇ ಇರಲಿ ಅಂತ 21ರದ್ದೇ ತಗೊಂಡೆ. ಬುದ್ಧಿ ನೋಡಿ.

ಅಡಿಕೆ ಕೊಯ್ಲಿನ ದಿನಗಳು. ಬೆಳಿಗ್ಗೆ ತೋಳಿಗೆ ಅಂಟಿಸಿಕೊಂಡು ಅಂಗಿ ಹಾಕಿಕೊಂಡೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಹೇಳಿದರೆ ಬೈಯುತ್ತಾರೆ ಅಲ್ವಾ. ಅಡಿಕೆ ಬೇಯಿಸುವ ಹಂಡೆ ಮುಂದೆ ಕೂತು ಒಲೆಗೆ ಕಟ್ಟಿಗೆ ನೂಕುತ್ತಿದ್ದೆ. ಹನ್ನೊಂದರ ಹೊತ್ತಿಗೆ ಬಾಯಲ್ಲಿ ನೀರೂರಿತು. ತಣ್ಣನೆ ಬೆವರು, ಎದೆ ಡಬಡಬ. ಅಂಗಳದಲ್ಲೇ ವಾಂತಿ.

"ಅಡಿಕೆ ಸೊಕ್ಕಿದೆ" ಅಂತ ಅಮ್ಮ ಬೆಲ್ಲ ನೀರು ತಂದರು. ಎಲ್ಲರೂ ನಂಬಿದರು. ತಲೆ ತಿರುಗುವ ಭರದಲ್ಲಿ ಪಟ್ಟಿ ಇದೆ ಅನ್ನೋದು ನನಗೂ ಮರೆತೇ ಹೋಗಿತ್ತು. ಇನ್ನೊಂದು ಗಂಟೆ ಅದು ಅಲ್ಲೇ ಕೂತು ತನ್ನ ಕೆಲಸ ಮಾಡುತ್ತಿತ್ತು. ಒದ್ದೆ ಅಂಗಿ ಬಿಚ್ಚಿಸುವಾಗ ಹೆಂಡತಿ ಕಂಡು ಕಿತ್ತು ಎಸೆದಳು. ಸೋಪು ಹಚ್ಚಿ ತೋಳು ತಿಕ್ಕಿದಳು.

ಆ ಸೋಪೂ ತಪ್ಪಂತೆ. ಬರೀ ನೀರಲ್ಲಿ ತೊಳೆಯಬೇಕು, ಸೋಪು ಹಾಕಿದರೆ ನಿಕೋಟಿನ್ ಇನ್ನೂ ಒಳಗೆ ಇಳಿಯಬಹುದು. ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಡಾಕ್ಟರ್ ಬಿಡಿಸಿ ಹೇಳಿದರು. 21ರ ಪಟ್ಟಿ ಇರುವುದು ದಿನಕ್ಕೆ ಹತ್ತಕ್ಕಿಂತ ಜಾಸ್ತಿ ಸಿಗರೇಟು ಸೇದಿ, ಈಗ ಬಿಡಲು ಹೊರಟವರಿಗೆ. ಅವರ ಮೈಗೆ ನಿಕೋಟಿನ್ ರೂಢಿ ಇರುತ್ತದೆ, ನನ್ನ ಮೈಗೆ ಅದು ವಿಷ. ಒಲೆಯ ಕಾವಿಗೆ ಚರ್ಮ ಇನ್ನೂ ಜಾಸ್ತಿ ಹೀರುತ್ತದೆ. ಕಿತ್ತ ಮೇಲೂ ಚರ್ಮದಲ್ಲಿ ನಿಂತದ್ದು ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ. ಅದಕ್ಕೇ ಸಂಜೆವರೆಗೂ ಹೊಟ್ಟೆ ತೊಳೆಸುತ್ತಿತ್ತು. ನಾನು ಬಿಪಿ ಮಾತ್ರೆ ನುಂಗುವವನು ಅಂತ ಗೊತ್ತಾದಾಗ ಅವರ ದನಿಯೇ ಬದಲಾಯಿತು. ನಿಕೋಟಿನ್ ನಾಡಿಯನ್ನೂ ಬಿಪಿಯನ್ನೂ ಏರಿಸುತ್ತದೆ.

ವಿಡಿಯೊದ ಮಾತು ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ವೈರಸ್ಸು ನರಗಳಲ್ಲಿ ನಿಕೋಟಿನ್ ಕೂರುವ ಜಾಗವನ್ನೇ ಹಿಡಿಯುತ್ತದೆ, ನಿಕೋಟಿನ್ ಕೊಟ್ಟರೆ ಅದು ಜಾಗ ಬಿಡುತ್ತದೆ ಅನ್ನೋ ಊಹೆ ಇದೆ. ಕೆಲವರು ನಮಗೆ ಗುಣ ಆಯಿತು ಅಂತಾರೆ. ಆದರೆ ಊಹೆ ಇನ್ನೂ ಊಹೆಯಾಗಿಯೇ ಇದೆ. ಯಾರಿಗೆ, ಎಷ್ಟು, ಎಷ್ಟು ದಿನ ಅಂತ ತೂಗಿ ಹೇಳಿದ ಗಟ್ಟಿ ಪರೀಕ್ಷೆ ಇಲ್ಲ. ಯಾರಾದರೂ ನಿಮಗೂ ಕಳಿಸಿದ್ದರೆ, ಡಾಕ್ಟರನ್ನು ಕೇಳದೆ ಅಂಟಿಸಿಕೊಳ್ಳಬೇಡಿ. ಬಿಪಿ, ಹೃದಯದ ತೊಂದರೆ ಇರುವವರು, ಬಸುರಿಯರು ಸುಮ್ನೆ ಪ್ರಯೋಗಕ್ಕೂ ಕೈ ಹಾಕಬೇಡಿ.

ಮತ್ತೆ, ಆ ಕಿತ್ತ ಪಟ್ಟಿ. ಬಳಸಿದ ಮೇಲೂ ಅದರಲ್ಲಿ ನಿಕೋಟಿನ್ ಉಳಿದಿರುತ್ತದೆ, ಅಂಟು ಒಳಗೆ ಬರುವ ಹಾಗೆ ಮಡಚಿ ಮಕ್ಕಳಿಗೂ ನಾಯಿಗೂ ಸಿಗದಂತೆ ಎಸೆಯಬೇಕು. ಹೆಂಡತಿ ಎಸೆದದ್ದು ಅಡಿಕೆ ಸಿಪ್ಪೆ ರಾಶಿಯ ಮೇಲೆ ಬಿದ್ದಿತ್ತು. ರಾತ್ರಿ ಮನೆಗೆ ಬಂದಾಗ ಮಗಳು ಅದನ್ನು ಸ್ಟಿಕರ್ ಅಂತ ತನ್ನ ಪುಸ್ತಕಕ್ಕೆ ಅಂಟಿಸಿಕೊಂಡಿದ್ದಳು.