ಅಂಕೋಲೆಯ ಕರಿ ಇಶಾಡು: ತಿನ್ನುವ ದಿನ ಲೆಕ್ಕ ಹಾಕಿ ಕೊಳ್ಳಿ

ಕೈಯಲ್ಲಿ ಹಿಂಡಿ ರಸ ಮಾಡುವುದಕ್ಕೆ ಕರಿ ಇಶಾಡಿಗೆ ಸಮನಾದ ಮಾವು ಉತ್ತರ ಕನ್ನಡದ ಈ ಕರಾವಳಿಯಲ್ಲಿ ಇನ್ನೊಂದಿಲ್ಲ. ಹೋಳು ಮಾಡಿ ತಟ್ಟೆಯಲ್ಲಿ ಜೋಡಿಸುವುದಕ್ಕೋ, ಬೆಂಗಳೂರಿನ ನೆಂಟರಿಗೆ ಕಟ್ಟಿ ಕಳಿಸುವುದಕ್ಕೋ ಆದರೆ ಆಪೂಸೇ ವಾಸಿ. ರುಚಿಗೆ ಐದಕ್ಕೆ ಐದು ಕೊಡಬಹುದು, ತಾಳಿಕೆಗೆ ಎರಡು ಕೊಟ್ಟರೂ ಹೆಚ್ಚೇ.

ಇಶಾಡಿನಲ್ಲಿ ಕರಿ, ಬಿಳಿ ಎಂದು ಎರಡು ಬಗೆ. 2023ರಲ್ಲಿ ಕರಿಯದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಹೆಸರಿಗೆ ಬೆಲೆ ಬಂದ ಮೇಲೆ ಮಾರುವವರ ಬಾಯಲ್ಲಿ ಬುಟ್ಟಿಯಲ್ಲಿರುವುದೆಲ್ಲ ಕರಿಯೇ. "ಅಮ್ಮಾ, ಕರಿಯೋ ಬಿಳಿಯೋ?" ಎಂದರೆ "ಕರೀದೇ ಒಡ್ಯಾ" ಎಂಬ ಉತ್ತರ ಕಟ್ಟಿಟ್ಟದ್ದು. ಕೇಳುವುದಕ್ಕಿಂತ ಒಂದು ಹಣ್ಣಿಗೆ ದುಡ್ಡು ಕೊಟ್ಟು ಅಲ್ಲೇ ಸುಲಿದು ನೋಡುವುದು ಒಳ್ಳೆಯದು. ಕರಿಯದ್ದು ತೆಳು ಸಿಪ್ಪೆ, ತಿರುಳು ಹೆಚ್ಚು, ಸಿಹಿ ಹೆಚ್ಚು. ಬಿಳಿ ಇಶಾಡಿನ ಸಿಪ್ಪೆ ದಪ್ಪ, ತಿರುಳೂ ಸಿಹಿಯೂ ಕಡಿಮೆ. ಬಿಳಿಯದು ಕೆಟ್ಟ ಹಣ್ಣೇನಲ್ಲ, ಕರಿಯ ದರ ಕೊಟ್ಟು ತರಬಾರದು ಅಷ್ಟೆ.

ಪೇಟೆಯಲ್ಲಿ ಹೆಂಗಸರು ಬುಟ್ಟಿಯಲ್ಲಿಟ್ಟು ಮಾರುವುದನ್ನೇ ಕೊಳ್ಳಿ. ಒಂದೊಂದೇ ಹಣ್ಣು ಎತ್ತಿ ನೋಡಲು ಬಿಡುತ್ತಾರೆ. ಹೆದ್ದಾರಿ ಬದಿಯಲ್ಲಿ ಅಂಟುಪಟ್ಟಿ ಹಚ್ಚಿದ ಪೆಟ್ಟಿಗೆಯನ್ನು ಬಿಚ್ಚಿಸದೆ ತಂದರೆ ಮೇಲಿನ ಸಾಲು ಚಂದ, ಅಡಿಯದು ದೇವರಿಗೇ ಪ್ರೀತಿ.

ಆರಿಸುವಾಗ ಮೊದಲು ತೊಟ್ಟಿನ ಬುಡ ನೋಡಿ. ಬಲಿತ ಕಾಯಿಯ ಹೆಗಲು ತೊಟ್ಟಿಗಿಂತ ಮೇಲೆ ಉಬ್ಬಿರುತ್ತದೆ, ತೊಟ್ಟು ಸಣ್ಣ ಗುಳಿಯೊಳಗೆ ಕೂತಂತೆ ಕಾಣುತ್ತದೆ. ಹೆಗಲು ಇಳಿಜಾರಾಗಿದ್ದರೆ ಎಳೆಯ ಕಾಯಿ. ಎಷ್ಟು ದಿನ ಇಟ್ಟರೂ ಮೆತ್ತಗಾಗಿ ಸುಕ್ಕುಗಟ್ಟುತ್ತದೆಯೇ ಹೊರತು ಸಿಹಿಯಾಗದು. ಮನೆಯಲ್ಲಿ ಅನುಮಾನ ಬಂದರೆ ಬಕೆಟ್ ನೀರಿಗೆ ಹಾಕಿ: ಬಲಿತದ್ದು ಮುಳುಗುತ್ತದೆ, ತೇಲಿದ್ದನ್ನು ಗೊಜ್ಜಿಗೆ ಎತ್ತಿಡಿ. ತೊಟ್ಟಿನಿಂದ ಸೊನೆ ಹರಿದು ಸಿಪ್ಪೆ ಸುಟ್ಟ ಗೆರೆಯಿದ್ದರೆ ಆ ಜಾಗದಿಂದಲೇ ಕೊಳೆ ಶುರು. ಕೆಳಗೆ ಬಿದ್ದ ಹಣ್ಣು ಹೊರಗೆ ನುಣ್ಣಗಿದ್ದರೂ ಹೆಬ್ಬೆರಳಿನಡಿ ಒಂದು ಕಡೆ ಮಾತ್ರ ಕುಸಿಯುತ್ತದೆ.

ಇವತ್ತೇ ತಿನ್ನುವುದಾದರೆ ಮಾತ್ರ ಪೂರ್ತಿ ಹಣ್ಣಾದದ್ದು ತನ್ನಿ. ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿಗೆ ಹೋಗುವವರು ಬಲಿತ ಗಟ್ಟಿ ಕಾಯಿಯನ್ನೇ ಒಯ್ಯಬೇಕು. ಮೇ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಚೀಲ ಕಟ್ಟಿಟ್ಟ ಹಣ್ಣು ಊರು ಮುಟ್ಟುವಾಗ ಹುಳಿ ವಾಸನೆ ಹೊಡೆಯುತ್ತದೆ.

ಅಡೆ ಹಾಕಲು, ಅಂದರೆ ಕಾಯಿಯನ್ನು ಮನೆಯಲ್ಲಿ ಹಣ್ಣು ಮಾಡಲು, ಒಣ ಬೈಹುಲ್ಲು, ಗಾಳಿಯಾಡುವ ಕೋಣೆ ಸಾಕು. ತೊಟ್ಟು ಕೆಳಗೆ ಮಾಡಿ ಒಂದೇ ಪದರ ಹರವಿ, ದಿನಕ್ಕೊಮ್ಮೆ ನೋಡಿ, ಕೊಳೆತದ್ದನ್ನು ತೆಗೆಯಿರಿ. ಒಂದು ಕೊಳೆತರೆ ಪಕ್ಕದ ನಾಲ್ಕನ್ನು ಕೆಡಿಸುತ್ತದೆ. ಕಪ್ಪು ಚುಕ್ಕಿ ರೋಗದ ಭಯವಿದ್ದರೆ ಅಡೆಗೆ ಮೊದಲು 52 ಡಿಗ್ರಿ ಬಿಸಿನೀರಿನಲ್ಲಿ 5ರಿಂದ 10 ನಿಮಿಷ ಮುಳುಗಿಸಿ, ಪೂರ್ತಿ ಒರೆಸಿ. ಕಾಯಿಯನ್ನು ಫ್ರಿಜ್‌ಗೆ ಹಾಕಬೇಡಿ, ಥಂಡಿ ಹೊಡೆದದ್ದು ಆಮೇಲೆ ಸರಿಯಾಗಿ ಹಣ್ಣಾಗುವುದಿಲ್ಲ. ಹಣ್ಣಾದ ಮೇಲೆ ಎರಡು ದಿನ ಇಡಬಹುದು. ಇನ್ನು ಕಾಯಿಯನ್ನು ಬೇಗ ಹಣ್ಣು ಮಾಡಲು ಹಾಕುವ ಕಾರ್ಬೈಡ್ ಪುಡಿ: ನಿಷೇಧವಿದೆ, ಆದರೂ ನಡೆಯುತ್ತದೆ. ಮೈಯೆಲ್ಲ ಒಂದೇ ಹಳದಿ, ಮೂಸಿದರೆ ಪರಿಮಳವೇ ಇಲ್ಲ ಎಂದಾದರೆ ಆ ಬುಟ್ಟಿ ಬಿಡಿ.

ಮಾವಿನ ರಸಾಯನಕ್ಕೆ ನಾಲ್ಕು ಮಧ್ಯಮ ಹಣ್ಣು, ಅರ್ಧ ಕಪ್ ಪುಡಿ ಬೆಲ್ಲ, ಒಂದೂವರೆ ಕಪ್ ದಪ್ಪ ಕಾಯಿಹಾಲು (ತೆಂಗಿನಕಾಯಿಯದು), ಎರಡು ಏಲಕ್ಕಿ, ಚಿಟಿಕೆ ಉಪ್ಪು, ಒಂದು ಚಮಚ ಹುರಿದ ಎಳ್ಳು. ಹಣ್ಣನ್ನು ಅರ್ಧ ಗಂಟೆ ತಣ್ಣೀರಲ್ಲಿ ನೆನೆಸಿ, ತೊಟ್ಟು ಕಿತ್ತು, ಮೊದಲ ನಾಲ್ಕು ಹನಿ ಸೊನೆ ಹಿಂಡಿ ಚೆಲ್ಲಿ. ಇದನ್ನು ಮರೆತರೆ ಗಂಟಲು ಕೆರೆಯುತ್ತದೆ. ಸುಲಿದು ಪಾತ್ರೆಯೊಳಗೇ ಕೈಯಲ್ಲಿ ಕಿವುಚಿ. ಮಿಕ್ಸಿ ಬೇಡ, ನೊರೆ ಎದ್ದು ರಸ ಪೇಲವವಾಗುತ್ತದೆ. ಬೆಲ್ಲವನ್ನು ಕಾಯಿಹಾಲಿನಲ್ಲಿ ಕರಗಿಸಿ ಸೋಸಿಯೇ ಸೇರಿಸಿ, ಇಲ್ಲದಿದ್ದರೆ ಹಲ್ಲಿಗೆ ಮರಳು. ಹಣ್ಣು ಒಳ್ಳೆಯದಿದ್ದರೆ ಬೆಲ್ಲ ಅರ್ಧಕ್ಕರ್ಧ ಇಳಿಸಿ. ಒಲೆಯ ಮೇಲೆ ಇಡಬಾರದು. ಕಾಯಿಹಾಲು ಸೇರಿದ ಮೇಲೆ ಸೆಕೆಯಲ್ಲಿ ಮೂರು ತಾಸಿಗಿಂತ ಹೆಚ್ಚು ಹೊರಗೆ ನಿಲ್ಲದು, ಹಾಗಾಗಿ ತೆಳ್ಳೇವು (ತೆಳು ದೋಸೆ) ಕಾವಲಿಗೆ ಬಿದ್ದಾಗಲೇ ಬೆರೆಸಿದರೆ ಸರಿ.

ಮಳೆ ಹಿಡಿದ ಮೇಲಿನ ಹಣ್ಣಿಗೆ ದರ ಇಳಿಯುತ್ತದೆ, ಹುಳ ಏರುತ್ತದೆ. ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂಥ ಗುರುತು, ಸುತ್ತ ಮೆತ್ತಗಿನ ಕಲೆ ಇದ್ದರೆ ಹಣ್ಣುನೊಣ ಮೊಟ್ಟೆಯಿಟ್ಟಿದೆ. ಆಗ ಕೊಂಡದ್ದನ್ನು ಇಡಿಯಾಗಿ ಚೀಪದೆ ಕೊಯ್ದೇ ತಿನ್ನಿ.

ಹಿಂಡಿದ ಗೊರಟು, ಸಿಪ್ಪೆ ಬಿಸಾಡುವ ಮೊದಲು ಅರ್ಧ ಲೋಟ ನೀರಲ್ಲಿ ತೊಳೆದು ಆ ನೀರಿಗೆ ಉಪ್ಪು, ಜಜ್ಜಿದ ಹಸಿಮೆಣಸು ಹಾಕಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ ಒಗ್ಗರಣೆ ಕೊಡಿ. ರಾತ್ರಿ ಗಂಜಿಗೆ ಅದೇ ನೆಂಚಿಕೆ.