ವಿಂಡೋಸ್ 11ರಲ್ಲಿ ಆಟೊಕ್ಯಾಡ್ 2007: ವರ್ಚುವಲ್‌ಬಾಕ್ಸ್ ದೀರ್ಘಬಳಕೆಯ ವಿಮರ್ಶೆ

ಪುಣೆಯ ಭೋಸರಿ, ಚಾಕಣ ಭಾಗದ ಸಣ್ಣ ಫ್ಯಾಬ್ರಿಕೇಶನ್ ಶಾಪುಗಳಲ್ಲಿ ಆಟೊಕ್ಯಾಡ್ 2007 ಎಂಬ ಹಳೆ ಡ್ರಾಯಿಂಗ್ ಸಾಫ್ಟ್‌ವೇರ್ ಇನ್ನೂ ಓಡುತ್ತಿದೆ. ಜಿಪುಣತನ ಅನ್ನುವವರು ಅನ್ನಲಿ. ಒಮ್ಮೆ ದುಡ್ಡು ಕೊಟ್ಟು ಕೊಂಡ ಶಾಶ್ವತ ಲೈಸೆನ್ಸ್ ಅದು. ಅಂಥದ್ದನ್ನು ಹೊಸದಾಗಿ ಮಾರುವುದನ್ನು ಆಟೊಡೆಸ್ಕ್ 2016ರಲ್ಲೇ ನಿಲ್ಲಿಸಿದೆ. ಇನ್ನೂ ಗಟ್ಟಿ ಕಾರಣ ಹಳೆಯ ಆಡ್-ಆನ್‌ಗಳು. 2007ಕ್ಕೆಂದು ಬರೆಸಿದ ಎಆರ್‌ಎಕ್ಸ್ (ಆಟೊಕ್ಯಾಡ್ ಒಳಗೆ ಲೋಡ್ ಆಗುವ ಆಡ್-ಆನ್) ಫೈಲು 2007, 2008, 2009 ಬಿಟ್ಟರೆ ಬೇರೆ ಆವೃತ್ತಿಯಲ್ಲಿ ಲೋಡ್ ಆಗುವುದಿಲ್ಲ, ಅದೂ 32-ಬಿಟ್‌ನಲ್ಲಿ ಮಾತ್ರ. ಫ್ಲ್ಯಾಂಜು, ಡಕ್ಟ್, ನೆಸ್ಟಿಂಗ್ ಲೆಕ್ಕವೆಲ್ಲ ಅಂಥ ಫೈಲಿನೊಳಗಿದ್ದು, ಬರೆದುಕೊಟ್ಟವನು ಸಿಗದೆ ಹೋದರೆ ಮುಗಿಯಿತು.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಬೆಳಗಾವಿ, ವಿಜಯಪುರದ ಕಡೆಯಿಂದ ಬಂದು ಇಲ್ಲಿ ಡ್ರಾಫ್ಟಿಂಗ್ ಮಾಡುವವರ ಬಾಯಲ್ಲಿ ಒಂದೇ ಪ್ರಶ್ನೆ: "ಸರ, ಹೊಸಾ ಪೀಸಿಗೆ ಹಳೇ ಕ್ಯಾಡ್ ಹಾಕೂದು ಹ್ಯಾಂಗ್ರಿ?" ನೇರವಾಗಿ ಹಾಕಲು ಹೋಗಬೇಡಿ, ವರ್ಚುವಲ್‌ಬಾಕ್ಸ್ (ಪೀಸಿಯೊಳಗೆ ಇನ್ನೊಂದು ಪೀಸಿಯನ್ನು, ಅಂದರೆ ವಿಎಂ ಅನ್ನು, ಓಡಿಸುವ ಸಾಫ್ಟ್‌ವೇರ್) ಒಳಗೆ 32-ಬಿಟ್ ವಿಂಡೋಸ್ 7 ಕೂರಿಸಿ ಅದರಲ್ಲಿ ಹಾಕಿ. ವರ್ಷಗಟ್ಟಲೆ ದಿನಬಳಕೆಯಲ್ಲಿ ನಿಂತಿರುವ ದಾರಿ ಇದು. ಐದಕ್ಕೆ ನಾಲ್ಕು ಅಂಕ ಕೊಡಬಹುದು. ಹೋದ ಒಂದು ಅಂಕ ಶೇರ್ಡ್ ಫೋಲ್ಡರ್ ಖಾತೆಗೆ. ಆ ಗೋಳು ಮುಂದೆ ಬರುತ್ತದೆ.

ನೇರ ಇನ್‌ಸ್ಟಾಲ್ ಏಕೆ ಬೇಡ? ವಿಂಡೋಸ್ 11 ಬರುವುದೇ 64-ಬಿಟ್‌ನಲ್ಲಿ. 2007ರ ಸೆಟಪ್ ಅದನ್ನು ಕಂಡ ಕೂಡಲೇ ನಿಂತುಬಿಡುತ್ತದೆ. ರೈಟ್ ಕ್ಲಿಕ್ ಮಾಡಿ ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ ಎಕ್ಸ್‌ಪಿ ಆರಿಸಿದರೂ ಉಪಯೋಗವಿಲ್ಲ, ತಪಾಸಣೆ ಇರುವುದು ಎಂಎಸ್‌ಐ (ಇನ್‌ಸ್ಟಾಲರ್) ಪ್ಯಾಕೇಜಿನ ಒಳಗೆ. ಓರ್ಕಾದಂಥ ಎಡಿಟರ್‌ನಿಂದ ಆ ಷರತ್ತು ಅಳಿಸಿ ನುಗ್ಗಿಸುವವರಿದ್ದಾರೆ, ಅದಕ್ಕೆಂದೇ ಲಾಂಗ್‌ಬೋ ಕನ್ವರ್ಟರ್ ಎಂಬ ಪಾವತಿ ಸಾಧನವೂ ಇದೆ. ಹಾಗೆ ಹಾಕಿದ್ದು ಓಡಬಹುದು. ಆದರೆ ವಿಂಡೋಸ್ 11ರ ಪ್ರತಿ ದೊಡ್ಡ ಅಪ್‌ಡೇಟ್ ಬಂದಾಗಲೂ ಹಳೆಯ ಲೈಸೆನ್ಸ್ ಸೇವೆ, ಡಾಟ್‌ನೆಟ್, ಗ್ರಾಫಿಕ್ಸ್ ಡ್ರೈವರ್ ಈ ಮೂರರಲ್ಲಿ ಯಾವುದು ಕೈಕೊಡುತ್ತದೋ ಎಂದು ಕಾಯುತ್ತ ಕೂರಬೇಕು. ದಿನಾ ಡ್ರಾಯಿಂಗ್ ಹೊರಡಿಸುವ ಶಾಪಿಗೆ ಅದು ಆಗದ ಮಾತು. ಹೊಸ ಪೀಸಿಗೇ ವಿಂಡೋಸ್ 7 ಹಾಕೋಣ ಎಂದರೆ ಎನ್‌ವಿಎಂಇ ಡಿಸ್ಕ್‌ಗೂ ಯುಎಸ್‌ಬಿ 3ಕ್ಕೂ ಅದರ ಬಳಿ ಡ್ರೈವರ್ ಇಲ್ಲ.

ಗೆಸ್ಟ್ (ವಿಎಂ ಒಳಗಿನ ವಿಂಡೋಸ್) ಆಗಿ ಎಕ್ಸ್‌ಪಿಗಿಂತ ವಿಂಡೋಸ್ 7 ಮೇಲು. ಎಕ್ಸ್‌ಪಿ ಮಾತಾಡುವುದು ಫೈಲ್ ಹಂಚಿಕೆಯ ಹಳೆ ಭಾಷೆಯಾದ ಎಸ್‌ಎಂಬಿ 1 ಮಾತ್ರ, ವಿಂಡೋಸ್ 11 ಅದನ್ನು ಮುಚ್ಚಿಟ್ಟಿರುತ್ತದೆ. ಫೈಲ್ ಹಂಚಿಕೆಯಲ್ಲೇ ಜಗಳ ಶುರು. 2007 ಕೇಳುವ ಡಾಟ್‌ನೆಟ್ 2.0 ಕೂಡ ವಿಂಡೋಸ್ 7ರಲ್ಲಿ ಬರುವ 3.5.1ರೊಳಗೇ ಇದೆ, ಬೇರೆ ಹುಡುಕಬೇಕಿಲ್ಲ. ಒಂದು ಎಚ್ಚರ: ಹಳೆ ಪೀಸಿಯ ಕ್ಯಾಬಿನೆಟ್ ಮೇಲೆ ಅಂಟಿಸಿದ ಒಇಎಂ ವಿಂಡೋಸ್ ಕೀ ಆ ಪೀಸಿಗಷ್ಟೇ ಸೇರಿದ್ದು. ವಿಎಂಗೆ ರೀಟೇಲ್ (ಬಿಡಿಯಾಗಿ ಕೊಂಡ) ಕೀ ಬೇಕು.

ಸೆಟ್ಟಿಂಗ್ ಹೀಗಿರಲಿ: ರ‍್ಯಾಮ್ 3072 ಎಂಬಿ, ಪ್ರೊಸೆಸರ್ 2, ಡಿಸ್ಕ್ 40 ಜಿಬಿ ಡೈನಮಿಕ್, ವೀಡಿಯೊ ಮೆಮೊರಿ 128 ಎಂಬಿ, 3ಡಿ ಆಕ್ಸಿಲರೇಶನ್ ಆಫ್. 8 ಜಿಬಿ ಕೊಟ್ಟರೆ ವೇಗ ಬರುತ್ತದೆ ಎನ್ನುವುದು ಭ್ರಮೆ. 32-ಬಿಟ್ ವಿಂಡೋಸ್ 4 ಜಿಬಿಗಿಂತ ಮೇಲೆ ಕಾಣುವುದೇ ಇಲ್ಲ, ಒಳಗಿನ ಆಟೊಕ್ಯಾಡ್‌ಗೆ ದಕ್ಕುವುದು ಸಾಮಾನ್ಯವಾಗಿ 2 ಜಿಬಿ. ಸ್ಕ್ಯಾನ್ ಮಾಡಿದ ದೊಡ್ಡ ಟಿಫ್ ಚಿತ್ರಗಳನ್ನು ಎಕ್ಸ್‌ರೆಫ್ (ಹೊರಗಿನಿಂದ ಜೋಡಿಸಿದ ಡ್ರಾಯಿಂಗ್) ಜತೆ ಸೇರಿಸಿದಾಗ ಔಟ್ ಆಫ್ ಮೆಮೊರಿ ಬರುವುದು ಇದರಿಂದಲೇ. ಚಿತ್ರಗಳನ್ನು ಕಪ್ಪುಬಿಳುಪು ಮಾಡಿ, ರೆಸಲ್ಯೂಶನ್ ಇಳಿಸಿ. ಆಟೊಕ್ಯಾಡ್ ಒಳಗೂ '3ಡಿಕಾನ್ಫಿಗ್' ಕಮಾಂಡ್ ಕೊಟ್ಟು ಮ್ಯಾನುವಲ್ ಟ್ಯೂನ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಶನ್ ಟಿಕ್ ತೆಗೆದುಬಿಡಿ. ಸೆಟಪ್ ವೇಳೆ ಎಕ್ಸ್‌ಪ್ರೆಸ್ ಟೂಲ್ಸ್ (ಹೆಚ್ಚುವರಿ ಕಮಾಂಡ್‌ಗಳ ಗುಂಪು) ಟಿಕ್ ಮಾಡಲು ಮಾತ್ರ ಮರೆಯಬೇಡಿ.

ವಿಎಂ ಕಿಟಕಿಯ ಕೆಳಗೆ ಬಲಮೂಲೆಯ ಐಕಾನ್ ಸಾಲನ್ನು ನೋಡಿ. ಅಲ್ಲಿ ಪುಟ್ಟ ಹಸಿರು ಆಮೆ ಕುಳಿತಿದ್ದರೆ ವರ್ಚುವಲ್‌ಬಾಕ್ಸ್ ಪ್ರೊಸೆಸರನ್ನು ನೇರವಾಗಿ ಹಿಡಿದಿಲ್ಲ, ವಿಂಡೋಸಿನ ಸ್ವಂತ ವಿಎಂ ವ್ಯವಸ್ಥೆಯಾದ ಹೈಪರ್-ವಿ ಮೂಲಕ ಓಡುತ್ತಿದೆ ಎಂದರ್ಥ. ರೀಜೆನ್ (ಡ್ರಾಯಿಂಗನ್ನು ಮತ್ತೆ ಮೂಡಿಸುವ ಕಮಾಂಡ್) ಕೊಟ್ಟಾಗ ಗೆರೆಗಳು ಒಂದೊಂದೇ ಮೂಡುವುದು, ಕ್ರಾಸ್‌ಹೇರ್ ಮೌಸಿನ ಹಿಂದೆ ಎಳೆದಾಡುವುದು ಇದರ ಲಕ್ಷಣ. ವಿಂಡೋಸ್ ಸೆಕ್ಯುರಿಟಿಯ ಡಿವೈಸ್ ಸೆಕ್ಯುರಿಟಿಯಲ್ಲಿ ಕೋರ್ ಐಸೊಲೇಶನ್ ತೆರೆದು ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿ. ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಹೈಪರ್-ವಿ, ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್, ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಮೂರರ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ. ಭದ್ರತೆಯ ಒಂದು ಪದರ ಕಳಚಿದಂತೆ ಇದು, ತಿಳಿದೇ ಮಾಡಿ. ಅದೇ ಪೀಸಿಯಲ್ಲಿ ಡಬ್ಲ್ಯುಎಸ್‌ಎಲ್ 2 (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಬಳಸುವವರಿಗೆ ಆಗಿಬರುವುದೂ ಇಲ್ಲ. ಆಮೆ ಹೋದ ಮೇಲೆ 2ಡಿ ಕೆಲಸದಲ್ಲಿ ಹಳೆ ಪೀಸಿಗೂ ಇದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಲೈಸೆನ್ಸ್ ವಿಚಾರ ಚಿಕ್ಕದಾಗಿ. ಹಳೆ ಆಕ್ಟಿವೇಶನ್ ಯಂತ್ರದ ಗುರುತಿಗೆ ಕಟ್ಟಿಕೊಂಡಿರುತ್ತದೆ. ಚಾಲ್ತಿಯಲ್ಲಿರುವ ಹಳೆ ಪೀಸಿಯನ್ನು ಫಾರ್ಮ್ಯಾಟ್ ಮಾಡುವ ಮೊದಲೇ ವಿಎಂನಲ್ಲಿ ಆಕ್ಟಿವೇಟ್ ಆಗುತ್ತದೆಯೇ ಖಾತ್ರಿ ಮಾಡಿಕೊಳ್ಳಿ. ಒಮ್ಮೆ ಆದರೆ ಮುಂದೆ ಹೊರಗಿನ ಪೀಸಿ ಬದಲಾದರೂ ಒಳಗಿನ ಯಂತ್ರ ಅದೇ. ವಿಎಂ ಇಂಪೋರ್ಟ್ ಮಾಡುವಾಗ ಮ್ಯಾಕ್ ಅಡ್ರೆಸ್ ಉಳಿಸಿಕೊಳ್ಳುವ ಆಯ್ಕೆ ಹಿಡಿಯಿರಿ. ವರ್ಚುವಲ್‌ಬಾಕ್ಸಿನ ಮೂಲ ಪ್ಯಾಕೇಜ್ ಆಫೀಸಿಗೂ ಉಚಿತ, ಎಕ್ಸ್‌ಟೆನ್ಶನ್ ಪ್ಯಾಕ್ ಹಾಗಲ್ಲ. 7.0 ಆವೃತ್ತಿಯಿಂದ ಯುಎಸ್‌ಬಿ 2, 3 ಮೂಲ ಪ್ಯಾಕೇಜಿಗೇ ಬಂದಿರುವುದರಿಂದ ಕ್ಯಾಡ್ ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ. ಇದೇ ಬಗೆಯ ವಿಎಂವೇರ್ ವರ್ಕ್‌ಸ್ಟೇಶನ್ ಪ್ರೊ 2024ರ ನವೆಂಬರಿನಿಂದ ವ್ಯಾಪಾರಿ ಬಳಕೆಗೂ ಉಚಿತ. ಈ ವಿಮರ್ಶೆಯ ಹೆಚ್ಚಿನ ಮಾತು ಅದಕ್ಕೂ ಸಲ್ಲುತ್ತದೆ.

ಈಗ ಶೇರ್ಡ್ ಫೋಲ್ಡರ್. ವರ್ಚುವಲ್‌ಬಾಕ್ಸಿನ ಗೆಸ್ಟ್ ಅಡಿಶನ್ಸ್ (ಗೆಸ್ಟ್ ಒಳಗೆ ಹಾಕುವ ಡ್ರೈವರ್ ಗಂಟು) ಹಾಕಿದರೆ ಹೊರಗಿನ ಫೋಲ್ಡರ್ ಒಳಗೆ ಡ್ರೈವ್ ಆಗಿ ಕಾಣುತ್ತದೆ, ನೋಡಲು ಸೊಗಸು. ಅದರಲ್ಲೇ ಡ್ರಾಯಿಂಗ್ ತೆರೆದು ಸೇವ್ ಮಾಡತೊಡಗಿದರೆ ಆಗೊಮ್ಮೆ ಈಗೊಮ್ಮೆ ಸೇವ್ ಕೈಕೊಡುತ್ತದೆ. ಆಟೊಕ್ಯಾಡ್ ಸೇವ್ ಎಂದರೆ ಫೈಲಿನ ಮೇಲೆ ಬರೆಯುವುದಲ್ಲ: ಪಕ್ಕದಲ್ಲಿ ತಾತ್ಕಾಲಿಕ ಫೈಲು ಮಾಡಿ, ಹಳೆಯದನ್ನು ಬ್ಯಾಕ್‌ಅಪ್ ಮಾಡಿ, ಹೊಸದಕ್ಕೆ ಹೆಸರು ಬದಲಿಸುತ್ತದೆ. ಈ ಸರಪಳಿಯಲ್ಲಿ ಶೇರ್ಡ್ ಫೋಲ್ಡರ್ ಎಡವುತ್ತದೆ. ಫೈಲ್ ಲಾಕ್ ಕೂಡ ಅಲ್ಲಿ ನೆಚ್ಚುವಂತಿಲ್ಲ. ಇಬ್ಬರು ಒಂದೇ ಡ್ರಾಯಿಂಗ್ ತೆರೆದು, ಕೊನೆಗೆ ಸೇವ್ ಮಾಡಿದವನದ್ದೇ ಉಳಿಯುವ ಸಂದರ್ಭ ಬರುತ್ತದೆ.

ಆದ್ದರಿಂದ ಶೇರ್ಡ್ ಫೋಲ್ಡರನ್ನು ಫೈಲು ಸಾಗಿಸಲು ಮಾತ್ರ ಇಟ್ಟುಕೊಳ್ಳಿ. ಕೆಲಸಕ್ಕೆ ಮಾಮೂಲಿ ವಿಂಡೋಸ್ ಶೇರ್ ಮಾಡಿ: ವಿಎಂ ನೆಟ್‌ವರ್ಕನ್ನು ಹೋಸ್ಟ್-ಓನ್ಲಿ (ವಿಎಂ, ಹೊರಗಿನ ಪೀಸಿ ಇವುಗಳ ನಡುವೆ ಮಾತ್ರ) ಎಂದು ಇಡಿ, ಹೊರಗಿನ ಪೀಸಿ ಸಾಮಾನ್ಯವಾಗಿ 192.168.56.1 ವಿಳಾಸದಲ್ಲಿ ಸಿಗುತ್ತದೆ, ಅದರ ಡ್ರಾಯಿಂಗ್ ಫೋಲ್ಡರನ್ನು ಒಳಗೆ ಝಡ್ ಡ್ರೈವ್ ಆಗಿ ಮ್ಯಾಪ್ ಮಾಡಿ. ಸಿಗದಿದ್ದರೆ ವಿಂಡೋಸ್ 11ರ ಫೈರ್‌ವಾಲ್ ನೋಡಿ. ಆ ನೆಟ್‌ವರ್ಕನ್ನು ಪಬ್ಲಿಕ್ ಎಂದು ಎಣಿಸಿ ಫೈಲ್ ಶೇರಿಂಗ್ ತಡೆದಿರುತ್ತದೆ. ಪಾಸ್‌ವರ್ಡ್ ಇಲ್ಲದ ಶೇರ್ ಈಗ ನಡೆಯುವುದಿಲ್ಲ, ಅದಕ್ಕೆಂದೇ ಒಂದು ಯೂಸರ್ ಮಾಡಿ. ಎಲ್ಲ ಪೀಸಿಗಳಲ್ಲೂ ಅದೇ ಝಡ್ ಅಕ್ಷರ ಇರಲಿ, ಎಕ್ಸ್‌ರೆಫ್ ಪಾತ್ ರಿಲೇಟಿವ್ ಇರಲಿ. ಆಟೊಸೇವ್ ಜಾಗ ಮಾತ್ರ ವಿಎಂನ ಸ್ವಂತ ಡಿಸ್ಕಿನಲ್ಲಿ, 10 ನಿಮಿಷಕ್ಕೊಮ್ಮೆ. ಹೋಸ್ಟ್-ಓನ್ಲಿಯಿಂದ ಇನ್ನೊಂದು ಲಾಭ: ಅಪ್‌ಡೇಟ್ ಕಾಣದ ವಿಂಡೋಸ್ 7ಕ್ಕೆ ಇಂಟರ್ನೆಟ್ ಮುಖವೇ ಕಾಣಿಸುವುದಿಲ್ಲ.

ಪಾರ್ಟಿಯಿಂದ ಬರುವ ಡ್ರಾಯಿಂಗ್ ತೆರೆಯದಿದ್ದರೆ ಫೈಲನ್ನು ನೋಟ್‌ಪ್ಯಾಡಿನಲ್ಲಿ ಎಳೆದು ಬಿಡಿ. ಮೊದಲ ಆರು ಅಕ್ಷರ ಓದಿದರೆ ಸಾಕು: ಎಸಿ1021 ಎಂದರೆ 2007ರಿಂದ 2009, ಎಸಿ1024 ಎಂದರೆ 2010ರಿಂದ 2012, ಎಸಿ1027 ಎಂದರೆ 2013ರಿಂದ 2017, ಎಸಿ1032 ಎಂದರೆ 2018 ಮತ್ತು ಆಮೇಲಿನದು. 1021 ಮತ್ತು ಅದಕ್ಕೂ ಹಿಂದಿನದು 2007ರಲ್ಲಿ ತೆರೆಯುತ್ತದೆ. ಮೇಲಿನದಕ್ಕೆ ಹೊರಗಿನ ವಿಂಡೋಸ್ 11ರಲ್ಲೇ ಒಡಿಎ ಫೈಲ್ ಕನ್ವರ್ಟರ್ ಅಥವಾ ಆಟೊಡೆಸ್ಕಿನ ಟ್ರೂವ್ಯೂ ಇಟ್ಟುಕೊಳ್ಳಿ, ಎರಡೂ ಪುಕ್ಕಟೆ. ಫೋಲ್ಡರ್‌ಗಟ್ಟಲೆ ಇದ್ದರೆ ಒಡಿಎ ಚುರುಕು, ಅದರ ಆಡಿಟ್ ಟಿಕ್ ಹಾಕಿಯೇ ಓಡಿಸಿ. ಮಲ್ಟಿಲೀಡರ್, ಆನೊಟೇಟಿವ್ ಟೆಕ್ಸ್ಟ್ ಇವು 2008ರಲ್ಲಿ ಬಂದವು. 2007 ಇವನ್ನು ಸರಿಯಾಗಿ ಎಡಿಟ್ ಮಾಡಲಾರದು. ಅಳತೆ ಬರಹ ನಂಬುವ ಮೊದಲು ಪಿಡಿಎಫ್ ಕಳಿಸಿ ಎಂದು ಕೇಳಿ, ಪಕ್ಕಕ್ಕಿಟ್ಟು ತಾಳೆ ನೋಡಿ.

ಲೇಸರ್ ಕಟಿಂಗ್‌ಗೆ ಹೋಗುವ ಡಿಎಕ್ಸ್‌ಎಫ್ (ಡ್ರಾಯಿಂಗ್ ವಿನಿಮಯದ ಫೈಲು) ಈ ಹಳೆ ಗಾಡಿಯ ಬಲ. 2007ರ ಸೇವ್ ಆಸ್‌ನಲ್ಲೇ ಹಳೆಯ ಆರ್12 ಆವೃತ್ತಿಯ ಡಿಎಕ್ಸ್‌ಎಫ್ ಇದೆ, ಹಳೆ ಮಷೀನುಗಳಿಗೂ ಅದು ಜೀರ್ಣವಾಗುತ್ತದೆ. ಆದರೆ ಆರ್12ರಲ್ಲಿ ಯೂನಿಟ್ ಮಾಹಿತಿ ಇರುವುದಿಲ್ಲ. ಆಪರೇಟರ್ ಸಾಫ್ಟ್‌ವೇರ್ ಇಂಚಿನಲ್ಲಿದ್ದರೆ 300 ಎಂಎಂ ಬ್ರಾಕೆಟ್ 7620 ಎಂಎಂ ಆಗಿ ಕೂರುತ್ತದೆ. ಫೈಲ್ ಹೆಸರಿನಲ್ಲೇ ಎಂಎಂ ಎಂದು ಬರೆದು, ಹೊರ ಅಳತೆಯನ್ನು ಮೆಸೇಜಿನಲ್ಲಿ ಹೇಳಿ. ಎಲಿಪ್ಸ್, ಸ್ಪ್ಲೈನ್ ಎರಡೂ ಆರ್12ಕ್ಕೆ ಹೋಗುವಾಗ ಪಾಲಿಲೈನ್ ತುಂಡುಗಳಾಗುತ್ತವೆ, ಅಂಚು ಹಲ್ಲುಹಲ್ಲಾಗಿ ಕಟ್ ಆಗಬಹುದು; ಆದಷ್ಟು ಆರ್ಕ್‌ನಲ್ಲೇ ಬರೆಯಿರಿ. ಕಳಿಸುವ ಮುನ್ನ ಎಕ್ಸ್‌ಪ್ರೆಸ್ ಟೂಲ್ಸಿನ ಓವರ್‌ಕಿಲ್ ಓಡಿಸಿ. ಒಂದರ ಮೇಲೊಂದು ಬಿದ್ದ ಗೆರೆ ಉಳಿದರೆ ಲೇಸರ್ ಅದೇ ಜಾಗವನ್ನು ಎರಡು ಸಲ ಸುಡುತ್ತದೆ.

ಡ್ರಾಯಿಂಗ್‌ನಲ್ಲಿ ಮರಾಠಿ ಬರಹ ಶ್ರೀಲಿಪಿಯಂಥ ಹಳೆ ಫಾಂಟ್‌ಗಳಲ್ಲಿದ್ದರೆ ಆ ಫಾಂಟ್‌ಗಳನ್ನು ವಿಎಂ ಒಳಗೂ ಹಾಕಬೇಕು, ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ.

ಪ್ಲಾಟರ್ ಡ್ರೈವರನ್ನು ಒಳಗೆ ಹಾಕುವ ಉಸಾಬರಿ ಬೇಡ. ಡಿಡಬ್ಲ್ಯೂಜಿ ಟು ಪಿಡಿಎಫ್ 2007ರಲ್ಲೇ ಇದೆ. ಎ1 ಪಿಡಿಎಫ್ ಮಾಡಿ ಝಡ್ ಡ್ರೈವಿಗೆ ಹಾಕಿ, ಹೊರಗಿನಿಂದ ಪ್ರಿಂಟ್ ಕೊಡಿ, ಸ್ಕೇಲ್ 100 ಶೇಕಡಾ ಇದೆಯೇ ನೋಡಿ. 'ಫಿಟ್ ಟು ಪೇಜ್' ಎಂಬ ಟಿಕ್ ಎಷ್ಟು ಕಾಗದ ಹಾಳು ಮಾಡಿದೆಯೋ ಲೆಕ್ಕ ಇಟ್ಟವರಿಲ್ಲ.

ಪಾರ್ಟಿ ಕಳಿಸಿದ ಜಿಪ್ ಬಿಚ್ಚಿದಾಗ ಡ್ರಾಯಿಂಗ್ ಜತೆ 'ಎಸಿಎಡಿಡಾಕ್ ಡಾಟ್ ಎಲ್‌ಎಸ್‌ಪಿ' ಅಥವಾ 'ಎಸಿಎಡಿ ಡಾಟ್ ಎಫ್‌ಎಎಸ್' ಹೆಸರಿನ ಫೈಲು ಇದ್ದರೆ ತೆರೆಯದೆ ಅಳಿಸಿ. ಆಟೊಕ್ಯಾಡ್ ಅಂಥ ಫೈಲನ್ನು ಡ್ರಾಯಿಂಗ್ ಇರುವ ಫೋಲ್ಡರಿನಿಂದ ಕೇಳದೆಯೇ ಓಡಿಸುತ್ತದೆ, ಫೋಲ್ಡರಿನಿಂದ ಫೋಲ್ಡರಿಗೆ ಹರಡುವ ಲಿಸ್ಪ್ (ಆಟೊಕ್ಯಾಡ್ ಒಳಗಿನ ಸ್ಕ್ರಿಪ್ಟ್ ಭಾಷೆ) ವೈರಸ್‌ಗಳು ಬರುವುದು ಹೀಗೆ. ಹೊಸ ಆವೃತ್ತಿಗಳಲ್ಲಿರುವ ಸೆಕ್ಯೂರ್‌ಲೋಡ್ ತಡೆ 2007ರಲ್ಲಿಲ್ಲ.

ಸ್ನ್ಯಾಪ್‌ಶಾಟನ್ನು ಬ್ಯಾಕ್‌ಅಪ್ ಎಂದು ತಿಳಿಯಬೇಡಿ, ಅದು ಅದೇ ಡಿಸ್ಕಿನ ಮೇಲೆ ಕೂತಿರುತ್ತದೆ, ಡಿಸ್ಕ್ ಹೋದರೆ ಜತೆಗೇ ಹೋಗುತ್ತದೆ. ಆಕ್ಟಿವೇಶನ್ ಮುಗಿದ ಕೂಡಲೇ ವಿಎಂ ಪೂರ್ತಿ ಶಟ್‌ಡೌನ್ ಮಾಡಿ, ಆ ಇಡೀ ಫೋಲ್ಡರನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಹೊಡೆಯಿರಿ. ಪಿಜಿಪಿ (ಕಮಾಂಡ್ ಸಂಕ್ಷೇಪಗಳ ಫೈಲು) ಅಥವಾ ಲಿಸ್ಪ್ ಬದಲಿಸಿದರೆ ಮತ್ತೊಮ್ಮೆ. ಭೋಸರಿಯಲ್ಲಿ ಗುರುವಾರ ಸೂಟಿ ಇರುವ ಶಾಪುಗಳು ಬುಧವಾರ ಸಂಜೆಯೇ ಕಾಪಿಗೆ ಹಚ್ಚಿ ಹೋಗಬಹುದು, ಆದರೆ ಯುಪಿಎಸ್ ಮೇಲೆ. ಕಾಪಿ ನಡುವೆ ಕರೆಂಟ್ ಹೋದರೆ ಆ ಅರ್ಧ ಕಾಪಿ ತೆರೆಯುವುದಿಲ್ಲ, ಅಳಿಸಿ ಮತ್ತೆ ಮೊದಲಿಂದ ಹಚ್ಚಬೇಕು.