ಹಳ್ಳಿಯ ಕೌಂಟಿಗೆ ಮನೆ ಬದಲಿಸುವವರಿಗೆ ಮಾರುವ ಖರ್ಚುವೆಚ್ಚದ ವರದಿ: 249 ಡಾಲರಿಗೆ ಎಷ್ಟು ತೂಕ?

ಟೆಕ್ಸಸ್‌ನ ರೌಂಡ್ ರಾಕ್‌ನಲ್ಲಿ ಹನ್ನೊಂದು ವರ್ಷದಿಂದ ಇರುವ ನಾವು, ಹೆದ್ದಾರಿ 79ರ ಗುಂಟ ಪೂರ್ವಕ್ಕೆ ಹೋದರೆ ಟೇಲರ್ ದಾಟಿದ ಮೇಲೆ ಸಿಗುವ ಮೈಲಮ್ ಕೌಂಟಿಯಲ್ಲಿ ಹನ್ನೆರಡು ಎಕರೆ ಜಮೀನಿನ ನಡುವೆ ಇರುವ ಒಂದು ಮನೆಯನ್ನು ಕೊಳ್ಳುವ ಯೋಚನೆ ಮಾಡಿ, 2025ರ ಡಿಸೆಂಬರಿನಲ್ಲಿ ಒಂದು ಸಲಹಾ ಸಂಸ್ಥೆಯಿಂದ ಹೋಲಿಕೆಯ ವರದಿಯೊಂದನ್ನು ಬರೆಸಿಕೊಂಡೆವು. ಈಗಿರುವ ಊರಿನ ತೆರಿಗೆ, ಮನೆಯ ಖರ್ಚು ಮತ್ತು ಆದಾಯವನ್ನು ಹೋಗಬೇಕೆಂದಿರುವ ಊರಿನ ಲೆಕ್ಕದ ಪಕ್ಕದಲ್ಲಿಟ್ಟು, ವರ್ಷಕ್ಕೆ ಎಷ್ಟು ಉಳಿಯುತ್ತದೆ ಎಂದು ಹೇಳುವುದು ಈ ಸೇವೆಯ ಕೆಲಸ. ಬೆಲೆ 249 ಡಾಲರ್. ಅದರಲ್ಲಿ 34 ಪುಟಗಳ ವರದಿ ಮತ್ತು ಒಂದು ಗಂಟೆಯ ದೂರವಾಣಿ ಮಾತುಕತೆ ಸೇರಿವೆ. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಇದೇ ನಮೂನೆಯ ವರದಿಯನ್ನು ಮಾರುವವರು ಹಲವರಿದ್ದಾರೆ, ಮತ್ತು ನನಗೆ ಕಂಡ ದೋಷ ಅವರಲ್ಲಿ ಒಬ್ಬರದೇ ಆಗಿರಲಾರದು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಪ್ರವಾಹದ ನಕ್ಷೆಯನ್ನು ಅವರು ಸರಿಯಾಗಿ ಓದಿದ್ದರು. ಜಮೀನಿನ ಹಿಂಬದಿಯ ಹಳ್ಳಕ್ಕೆ ಹತ್ತಿರವಿರುವ ಎರಡು ಎಕರೆ ಮುಳುಗಡೆಯ ಪಟ್ಟಿಯಲ್ಲಿದೆ ಎಂಬುದನ್ನು ಮಾರಾಟದ ಏಜೆಂಟ್ ಹೇಳಿರಲಿಲ್ಲ, ಇವರು ಹೇಳಿದರು. ದೂರವಾಣಿಯಲ್ಲಿ ಮಾತನಾಡಿದ ಮಹಿಳೆ ತಾಳ್ಮೆಯಿಂದ ಉತ್ತರಿಸಿದರು, ತಿಳಿಯದ್ದನ್ನು ತಿಳಿಯದು ಎಂದು ಒಪ್ಪಿಕೊಂಡರು. ಆದರೆ ಮೊದಲ ಪುಟದಲ್ಲಿಯೇ ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದ, ವರ್ಷಕ್ಕೆ ಹನ್ನೊಂದು ಸಾವಿರ ಡಾಲರ್ ಉಳಿತಾಯ ಎಂಬ ಮಾತು ನಮ್ಮ ಊಟದ ಮೇಜಿನ ಮೇಲೆ ಎರಡು ಸಂಜೆಯೂ ನಿಲ್ಲಲಿಲ್ಲ.

ಆ ಮೊತ್ತದ ಅರ್ಧದಷ್ಟು ಬಂದದ್ದು ಆಸ್ತಿ ತೆರಿಗೆಯ ಒಂದೇ ಸಾಲಿನಿಂದ. ರೌಂಡ್ ರಾಕ್‌ನಲ್ಲಿ ನಾವು ಸುಮಾರು 6,600 ಡಾಲರ್ ಕಟ್ಟುತ್ತೇವೆ. ಹೊಸ ಮನೆಗೆ ವರದಿಯಲ್ಲಿದ್ದ ಅಂಕಿ 1,412. ಇದು ಸುಳ್ಳಲ್ಲ, ಆ ಮನೆಯ ಹಿಂದಿನ ವರ್ಷದ ತೆರಿಗೆ ರಸೀದಿಯಲ್ಲಿ ಅಷ್ಟೇ ಇತ್ತು. ಆದರೆ ಅದು ಮಾರುವವರ ತೆರಿಗೆ, ನಮ್ಮದಲ್ಲ. ಟೆಕ್ಸಸ್‌ನ ಪ್ರತಿ ಕೌಂಟಿಯ ಮೌಲ್ಯಮಾಪನ ಕಚೇರಿಯೂ ಆಸ್ತಿಗಳ ದಾಖಲೆಯನ್ನು ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಇಟ್ಟಿರುತ್ತದೆ; ನಮ್ಮ ಪಹಣಿ ಇದ್ದ ಹಾಗೆ ಎಂದುಕೊಳ್ಳಿ. ವಿಳಾಸ ಹಾಕಿ ತೆರೆದಾಗ, ಮಾಲೀಕರ ಹೆಸರಿನ ಕೆಳಗೆ ವಿನಾಯಿತಿಯ ಮೂರು ಸಂಕೇತಗಳು ಸಾಲಾಗಿ ಕಂಡವು: ವಾಸದ ಮನೆಯೆಂಬ ಎಚ್‌ಎಸ್, ಅರವತ್ತೈದು ದಾಟಿದವರೆಂಬ ಓವಿ65, ಮತ್ತು ಜಮೀನಿನ ಎದುರಿಗೆ, ಪೇಟೆಯ ಬೆಲೆಯ ಬದಲು ಬೇಸಾಯದ ಹುಟ್ಟುವಳಿಯ ಮೇಲೆ ತೆರಿಗೆ ಹಾಕುವ ಬೇಸಾಯದ ಮೌಲ್ಯವೆಂಬ 1-ಡಿ-1. ವರದಿ ಬರೆದವರು ಈ ಪುಟವನ್ನು ನೋಡಿಯೇ 1,412 ಎಂಬ ಅಂಕಿಯನ್ನು ಎತ್ತಿಕೊಂಡಿದ್ದಾರೆ, ಅದರ ಮೇಲಿನ ಮೂರು ಸಂಕೇತಗಳನ್ನು ಮಾತ್ರ ಓದಿಲ್ಲ.

ಒಂದೊಂದನ್ನೇ ಬಿಡಿಸಿದರೆ ಅಂಕಿ ಹೇಗೆ ಕರಗುತ್ತದೆ ಎಂಬುದು ತಿಳಿಯುತ್ತದೆ. ಅರವತ್ತೈದು ವರ್ಷ ದಾಟಿದ ಮಾಲೀಕರಿಗೆ ಶಾಲಾ ತೆರಿಗೆಯ, ಅಂದರೆ ಆಸ್ತಿ ತೆರಿಗೆಯಲ್ಲಿ ಶಾಲೆಗಳಿಗೆ ಹೋಗುವ ಪಾಲಿನ, ಮೊತ್ತ ಆ ವರ್ಷದ ಮಟ್ಟದಲ್ಲಿಯೇ ನಿಂತುಬಿಡುತ್ತದೆ. ನಲವತ್ತೆರಡರ ನನಗೆ ಅದು ಅನ್ವಯಿಸದು. ವಾಸದ ಮನೆಯ ತೆರಿಗೆ ಮೌಲ್ಯ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಬಾರದೆಂಬ ಮಿತಿ ಇರುವುದರಿಂದ, ಬಹಳ ಕಾಲ ಒಂದೇ ಮನೆಯಲ್ಲಿದ್ದವರ ಮೌಲ್ಯ ಪೇಟೆಯ ಬೆಲೆಗಿಂತ ಹಿಂದೆ ಉಳಿದಿರುತ್ತದೆ. ಮನೆ ಕೈಬದಲಾದ ಮೇಲೆ ಆ ಮಿತಿ ಹೋಗಿ, ಲೆಕ್ಕ ಮತ್ತೆ ಪೇಟೆಯ ಬೆಲೆಯಿಂದ ಶುರುವಾಗುತ್ತದೆ. ನಮಗೆ ಸಿಗುವುದು ವಾಸದ ಮನೆಯ ಸಾಮಾನ್ಯ ವಿನಾಯಿತಿ ಮಾತ್ರ. ಶಾಲಾ ತೆರಿಗೆಗೆ ಸಂಬಂಧಿಸಿದ ಈ ವಿನಾಯಿತಿ 2023ರಲ್ಲಿ 40,000 ಡಾಲರಿನಿಂದ 1,00,000ಕ್ಕೆ ಏರಿತು, 2025ರ ನವೆಂಬರಿನಲ್ಲಿ ಮತದಾರರ ಒಪ್ಪಿಗೆಯಿಂದ 1,40,000 ಆಯಿತು. ಮನೆ ಮತ್ತು ಅದಕ್ಕೆ ಹೊಂದಿದ ಒಂದು ಎಕರೆಯನ್ನು 2,90,000 ಎಂದು ಹಿಡಿದು, ಶಾಲೆಗೆ ನೂರು ಡಾಲರಿಗೆ 95 ಸೆಂಟ್, ಕೌಂಟಿ ಮೊದಲಾದವಕ್ಕೆ 60 ಸೆಂಟ್ ಎಂದು ನಾವು ಹಾಕಿಕೊಂಡ ದರದಲ್ಲಿ ಲೆಕ್ಕ ಮಾಡಿದರೆ, ಶಾಲೆಗೆ 1,425, ಉಳಿದವಕ್ಕೆ 1,740, ಒಟ್ಟು 3,165 ಡಾಲರ್ ಆಗುತ್ತದೆ.

ಇನ್ನು ಉಳಿದ ಹನ್ನೊಂದು ಎಕರೆ. ಬೇಸಾಯದ ಮೌಲ್ಯ ಇದ್ದರೆ ಅದರ ತೆರಿಗೆ ವರ್ಷಕ್ಕೆ ಇಪ್ಪತ್ತು ಡಾಲರೂ ಆಗುವುದಿಲ್ಲ. ಇಲ್ಲದಿದ್ದರೆ, ಎಕರೆಗೆ ಹತ್ತು ಸಾವಿರದಂತೆ, 1,705 ಡಾಲರ್. ಈ ಸವಲತ್ತು ಜಮೀನಿನ ಜೊತೆ ತಾನಾಗಿ ಬರುವುದಿಲ್ಲ. ಹೊಸ ಮಾಲೀಕರು ಏಪ್ರಿಲ್ 30ರೊಳಗೆ ತಮ್ಮ ಹೆಸರಿನಲ್ಲಿ ಹೊಸದಾಗಿ ಅರ್ಜಿ ಹಾಕಬೇಕು, ಹಿಂದಿನ ಏಳು ವರ್ಷಗಳಲ್ಲಿ ಐದು ವರ್ಷ ಜಮೀನು ಬೇಸಾಯಕ್ಕೋ ಮೇವಿಗೋ ಬಳಕೆಯಾಗಿರಬೇಕು, ಮುಂದೆಯೂ ಆಗುತ್ತಿರಬೇಕು. ಜಮೀನಿನ ಬಳಕೆಯನ್ನೇ ಬದಲಾಯಿಸಿದರೆ ಹಿಂದಿನ ಮೂರು ವರ್ಷಗಳ ವ್ಯತ್ಯಾಸವನ್ನು ಕಟ್ಟಿಸಿಕೊಳ್ಳುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಐದು ಸಾವಿರದ ಮೇಲೆ. ತಿಪಟೂರಿನಲ್ಲಿರುವ ನನ್ನ ಅಪ್ಪನಿಗೆ ಇದನ್ನೆಲ್ಲ ವಿವರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಖಾತೆ ಬದಲಾದ ಮೇಲೆ ಕಂದಾಯ ಹಳೆಯದೇ ಇರುತ್ತೆ ಅಂತ ನಿಂಗೆ ಯಾರಮ್ಮ ಹೇಳಿದ್ದು?" 249 ಡಾಲರ್ ಕೊಟ್ಟವರು ಹೇಳಿದ್ದರು, ಅಷ್ಟೆ.

ರಾಜ್ಯದ ಆದಾಯ ತೆರಿಗೆ ಸೊನ್ನೆ ಎಂದು ವರದಿ ಒಂದು ಇಡೀ ಪುಟ ಸಂಭ್ರಮಿಸಿದೆ. ಟೆಕ್ಸಸ್‌ನಲ್ಲಿ ಅದು ಎಲ್ಲ ಕೌಂಟಿಗಳಲ್ಲೂ ಸೊನ್ನೆಯೇ. ಕ್ಯಾಲಿಫೋರ್ನಿಯಾದಿಂದ ಬರುವವರಿಗಾಗಿ ಬರೆದ ಪುಟವನ್ನು ನಮಗೂ ಅಂಟಿಸಿದ್ದರು. ಮಾರಾಟ ತೆರಿಗೆಯ ಉಳಿತಾಯವೂ ಹೆಚ್ಚೇನಿಲ್ಲ. ರಾಜ್ಯದ ಪಾಲು ಶೇ. 6.25, ಸ್ಥಳೀಯ ಪಾಲು ಸೇರಿ ಎಲ್ಲಿಯೂ ಶೇ. 8.25 ದಾಟುವುದಿಲ್ಲ, ಅಕ್ಕಿ, ಬೇಳೆ, ತರಕಾರಿಗೆ ಎರಡು ಕಡೆಯೂ ತೆರಿಗೆ ಇಲ್ಲ, ಉಳಿದ ಸಾಮಾನನ್ನು ನಾವು ಹೇಗೂ ಪೇಟೆಗೆ ಬಂದೇ ಕೊಳ್ಳಬೇಕು. ಆಸ್ತಿ ತೆರಿಗೆಯಿಂದ ಒಕ್ಕೂಟ ಸರ್ಕಾರದ ತೆರಿಗೆ ತಗ್ಗುತ್ತದೆ ಎಂಬ ಟಿಪ್ಪಣಿಯೂ ನಮ್ಮಂಥವರಿಗೆ ಉಪಯೋಗವಿಲ್ಲದ್ದು, ಏಕೆಂದರೆ 2025ಕ್ಕೆ ದಂಪತಿಗಳಿಗೆ ಖರ್ಚಿನ ಲೆಕ್ಕ ಕೊಡದೆಯೇ ಸಿಗುವ ಸಾಮಾನ್ಯ ಕಡಿತವೇ 31,500 ಡಾಲರ್ ಇರುವಾಗ, ಬಿಡಿಬಿಡಿ ಕಡಿತಗಳ ಮೊತ್ತ ಅದನ್ನು ಮೀರಿದರೆ ಮಾತ್ರ ಆ ಮಾತಿಗೆ ಅರ್ಥ.

ಆದಾಯದ ಅಧ್ಯಾಯದಲ್ಲಿ ವರದಿಯ ಯೋಚನೆಯೇ ದಾರಿ ತಪ್ಪಿದೆ. ಮೈಲಮ್‌ನ ಕುಟುಂಬಗಳ ಆದಾಯ ನಮ್ಮ ವಿಲಿಯಮ್ಸನ್ ಕೌಂಟಿಯದಕ್ಕಿಂತ ಬಹಳ ಕಡಿಮೆ ಇರುವುದರಿಂದ ಅಲ್ಲಿ ನಮ್ಮ ಡಾಲರಿಗೆ ಹೆಚ್ಚು ಬೆಲೆ ಎಂದು ಅವರು ಬರೆದಿದ್ದಾರೆ. ಇದಕ್ಕೆ ಆಧಾರವಾಗಿ ಬಳಸಿರುವುದು ಎಂಐಟಿಯ ಜೀವನ ವೇತನ ಲೆಕ್ಕಯಂತ್ರ. ಆಮಿ ಗ್ಲಾಸ್‌ಮಿಯರ್ ಅವರು 2004ರಲ್ಲಿ ರೂಪಿಸಿದ ಇದನ್ನು ಅಮೆರಿಕದ ಯಾವ ಕೌಂಟಿಗಾದರೂ ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು. ಅದು ಒಳ್ಳೆಯ ಸಾಧನ, ಆದರೆ ಅದು ಉತ್ತರಿಸುವ ಪ್ರಶ್ನೆ ಬೇರೆ: ಆ ಕೌಂಟಿಯಲ್ಲಿ ಬಾಡಿಗೆ ಮನೆಯಲ್ಲಿದ್ದು, ಉಳಿತಾಯವಿಲ್ಲದೆ, ಹೋಟೆಲಿಗೆ ಹೋಗದೆ ಬದುಕಲು ಗಂಟೆಗೆ ಎಷ್ಟು ಕೂಲಿ ಬೇಕು ಎಂಬುದು. ಮನೆ ಕೊಳ್ಳುವವರ ಆಸ್ತಿ ತೆರಿಗೆ ಅದರಲ್ಲಿ ಇಲ್ಲ. ಊರಿನಲ್ಲಿರುವ ಅಪ್ಪ ಅಮ್ಮನಿಗೆ ತಿಂಗಳು ತಿಂಗಳು ಕಳಿಸುವ ಹಣವಂತೂ ಇಲ್ಲವೇ ಇಲ್ಲ.

ಅಲ್ಲಿಯ ಆದಾಯ ಏಕೆ ಕಡಿಮೆ ಎಂಬುದನ್ನು ವರದಿ ಕೇಳಿಕೊಳ್ಳಲಿಲ್ಲ. ಮೈಲಮ್ ಕೌಂಟಿಯ ರಾಕ್‌ಡೇಲ್ ಊರಿನ ಬದುಕು ದಶಕಗಳ ಕಾಲ ಆಲ್ಕೋವಾದ ಅಲ್ಯೂಮಿನಿಯಂ ಕಾರ್ಖಾನೆಯ ಮೇಲೆ ನಿಂತಿತ್ತು. 2008ರಲ್ಲಿ ಅದರ ಕುಲುಮೆಗಳು ನಿಂತವು, 2018ರ ಆರಂಭದಲ್ಲಿ ಪಕ್ಕದ ಸ್ಯಾಂಡೋ ವಿದ್ಯುತ್ ಸ್ಥಾವರವೂ ಮುಚ್ಚಿತು. ಈಗ ಆ ಭಾಗದಲ್ಲಿ ಬಿಟ್‌ಕಾಯಿನ್ ಗಣಿಗಾರಿಕೆಯ ದೊಡ್ಡ ಶೆಡ್‌ಗಳಿವೆ, ಅಲ್ಲಿ ದುಡಿಯುವುದು ಮುಖ್ಯವಾಗಿ ಯಂತ್ರಗಳು. ಯಜಮಾನರ ಕೆಲಸ ಟೇಲರ್‌ನಲ್ಲಿ, ನನ್ನ ಲೆಕ್ಕಪತ್ರದ ಕೆಲಸ ರೌಂಡ್ ರಾಕ್‌ನ ಒಂದು ಕ್ಲಿನಿಕ್‌ನಲ್ಲಿ. ಇವೆರಡೂ ಇರುವ ತನಕ ನಾವು ಪೇಟೆಯ ಸಂಬಳ ತಂದು ಹಳ್ಳಿಯಲ್ಲಿ ಖರ್ಚು ಮಾಡುವವರು. ಒಂದು ಹೋದರೆ, ಹತ್ತು ಮೈಲಿಯೊಳಗೆ ಅದೇ ಸಂಬಳದ ಇನ್ನೊಂದು ಸಿಗುವ ಊರಲ್ಲ ಅದು. ಎಚ್-1ಬಿ ವೀಸಾದಲ್ಲಿ ಇದ್ದು ಮನೆಯಿಂದಲೇ ಕೆಲಸ ಮಾಡುವವರು ಇನ್ನೂ ಒಂದು ಮಾತನ್ನು ಗಮನಿಸಬೇಕು: ಕಚೇರಿಗೆ ದಿನವೂ ಹೋಗಿಬರಬಹುದಾದ ವ್ಯಾಪ್ತಿಯ ಆಚೆಗೆ ಕೆಲಸದ ಜಾಗ ಬದಲಾದರೆ, ವಲಸೆ ಇಲಾಖೆಯ ಮೇಲ್ಮನವಿ ಕಚೇರಿ 2015ರಲ್ಲಿ ಕೊಟ್ಟ ಸಿಮಿಯೊ ತೀರ್ಮಾನದ ಪ್ರಕಾರ ಕಂಪನಿಯು ತಿದ್ದುಪಡಿ ಅರ್ಜಿ ಹಾಕಬೇಕಾಗುತ್ತದೆ. ನಾವು ಭಾರತೀಯರೆಂದು ತಿಳಿದಿದ್ದರೂ ವರದಿ ಈ ವಿಷಯವನ್ನು ಎತ್ತಿಲ್ಲ.

ಮನೆಯ ಖರ್ಚಿನಲ್ಲಿ ನನಗೆ ಹೆಚ್ಚು ಬೇಸರ ತಂದದ್ದು ನೀರಿನ ಸಾಲು. "ನೀರು ಮತ್ತು ಒಳಚರಂಡಿ: ತಿಂಗಳಿಗೆ 78 ಡಾಲರ್" ಎಂದಿದೆ. ಆ ಮನೆಗೆ ಪುರಸಭೆಯ ನೀರೂ ಇಲ್ಲ, ಒಳಚರಂಡಿಯೂ ಇಲ್ಲ. ಇರುವುದು ಬೋರ್‌ವೆಲ್ ಮತ್ತು ಗಾಳಿ ಹಾಯಿಸುವ ನಮೂನೆಯ ಸೆಪ್ಟಿಕ್ ತೊಟ್ಟಿ. ಇಂಥ ತೊಟ್ಟಿಯನ್ನು ಟೆಕ್ಸಸ್‌ನ ನಿಯಮದಂತೆ ನಾಲ್ಕು ತಿಂಗಳಿಗೊಮ್ಮೆ ಪರೀಕ್ಷಿಸಿ ವರದಿ ಸಲ್ಲಿಸಬೇಕು. ನಾವು ನೋಡಲು ಹೋದ ದಿನ ಮನೆಯ ಹಿಂದೆ ನಿಂತು ಮಾತನಾಡುತ್ತಿದ್ದಾಗ ಅದರ ಪಂಪು ಗುರ್ ಎಂದು ಶುರುವಾಗಿ, ಹುಲ್ಲಿನ ನಡುವಿನ ನೀರ್ಚಿಮ್ಮುಕಗಳು ತಿರುಗತೊಡಗಿದವು. ಚಿಕ್ಕ ಮಗಳು ಕಾರಂಜಿ ಎಂದು ಓಡಲು ಹೊರಟವಳನ್ನು ಮನೆಯ ಒಡತಿ ಹಿಡಿದು ನಿಲ್ಲಿಸಿ, ಅದು ಬಚ್ಚಲಿನ ನೀರು ಎಂದು ನಕ್ಕರು. ಬೋರ್‌ವೆಲ್‌ನ ಪಂಪನ್ನು ಒಮ್ಮೆ ಕೆಳಕ್ಕೆ ಇಳಿಸಿದ್ದೇವೆ ಎಂದೂ ಅವರೇ ಹೇಳಿದರು. ಆ ಭಾಗದ ನೀರು ಕರೀಜೊ-ವಿಲ್‌ಕಾಕ್ಸ್ ಎಂಬ ಅಂತರ್ಜಲ ಪದರದ್ದು. ಪಕ್ಕದ ಬರ್ಲ್‌ಸನ್ ಕೌಂಟಿಯಿಂದ 142 ಮೈಲಿ ದೂರದ ಸ್ಯಾನ್ ಆಂಟೋನಿಯೊಗೆ 2020ರಿಂದ ಕೊಳವೆಯಲ್ಲಿ ಹೋಗುತ್ತಿರುವುದೂ ಅದೇ ನೀರು. ಬೋರ್‌ವೆಲ್ ಬತ್ತುವುದನ್ನು ನೋಡಿ ಬೆಳೆದವರಿಗೆ ಇದರ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ, ಆದರೆ ವರದಿಯಲ್ಲಿ ಪಂಪು, ವಿದ್ಯುತ್ತು, ನೀರಿನ ಪರೀಕ್ಷೆ ಯಾವುದಕ್ಕೂ ಒಂದು ಡಾಲರ್ ತೋರಿಸಿಲ್ಲ. ವಿಮೆಯನ್ನೂ ರೌಂಡ್ ರಾಕ್‌ನ ದರದಲ್ಲಿಯೇ ಹಿಡಿದಿದ್ದಾರೆ. ಅಗ್ನಿಶಾಮಕ ಠಾಣೆ ದೂರವಿದ್ದು ಹತ್ತಿರದಲ್ಲಿ ಬೆಂಕಿ ಆರಿಸಲು ನೀರಿನ ನಳ್ಳಿಯೂ ಇಲ್ಲದ ಮನೆಗೆ ಯಾರೂ ಆ ದರ ಕೊಡುವುದಿಲ್ಲ.

ಸಾಲದ ಬಗ್ಗೆ ಕೊಟ್ಟ ಸಲಹೆ ಅರ್ಧ ಪಾಲು ಸರಿ. ಅಮೆರಿಕದ ಕೃಷಿ ಇಲಾಖೆಯ ಗ್ರಾಮೀಣ ಮನೆಸಾಲದ ಖಾತರಿ ಯೋಜನೆಯಲ್ಲಿ ಮುಂಗಡ ಹಣವಿಲ್ಲದೆ ಸಾಲ ಸಿಗುತ್ತದೆ, ಮೊದಲಿಗೆ ಶೇ. 1 ಮತ್ತು ವರ್ಷಕ್ಕೆ ಶೇ. 0.35 ಶುಲ್ಕವಿದೆ ಎಂದು ಸರಿಯಾಗಿಯೇ ಬರೆದಿದ್ದಾರೆ. ಆ ಪ್ರದೇಶದ ಮಧ್ಯಮ ಆದಾಯದ ಶೇ. 115ರ ಮಿತಿ ಇದೆ, ಗ್ರೀನ್ ಕಾರ್ಡ್ ಇರುವವರಿಗೆ ಸಿಗುತ್ತದೆ, ಎಚ್-1ಬಿಯವರಿಗೆ ಸಿಗುವುದಿಲ್ಲ ಎಂಬ ಮೂರು ಸಂಗತಿಗಳನ್ನು ನಾವೇ ಹುಡುಕಿಕೊಳ್ಳಬೇಕಾಯಿತು. ನಮ್ಮ ಇಬ್ಬರ ಸಂಬಳ ಸೇರಿಸಿದರೆ ಮಿತಿ ದಾಟುವುದರಿಂದ ಆ ಬಾಗಿಲು ನಮಗೆ ಮುಚ್ಚಿತ್ತು.

ಕೊನೆಯದಾಗಿ ಓಡಾಟ. ಯಜಮಾನರಿಗೆ ದೂರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ನಾನು ವಾರಕ್ಕೆ ಎರಡು ದಿನ ಕ್ಲಿನಿಕ್‌ಗೆ ಹೋಗಬೇಕು. ಒಂದು ಕಡೆಗೆ 42 ಮೈಲಿ. ವರ್ಷಕ್ಕೆ ಐವತ್ತು ವಾರವೆಂದರೆ 8,400 ಮೈಲಿ. ವರದಿ ಇದಕ್ಕೆ ಪೆಟ್ರೋಲನ್ನು ಮಾತ್ರ ಲೆಕ್ಕ ಹಾಕಿದೆ. ತೆರಿಗೆ ಇಲಾಖೆ ವ್ಯವಹಾರದ ಓಡಾಟಕ್ಕೆ 2025ರಲ್ಲಿ ಒಪ್ಪಿಕೊಂಡ ದರ ಮೈಲಿಗೆ 70 ಸೆಂಟ್. ಟೈರು, ಸವಕಳಿ, ವಿಮೆ ಎಲ್ಲ ಸೇರಿದ ಆ ಅಳತೆಯಲ್ಲಿ 5,880 ಡಾಲರ್. ಬೇಸಾಯದ ಮೌಲ್ಯ ನಮಗೆ ಉಳಿದರೂ ಆಸ್ತಿ ತೆರಿಗೆಯಲ್ಲಿ ನಿಜವಾಗಿ ಉಳಿಯುವುದು ಸುಮಾರು 3,400. ಶನಿವಾರ ಮಕ್ಕಳನ್ನು ಆಸ್ಟಿನ್‌ನ ಕನ್ನಡ ತರಗತಿಗೆ ಕರೆದುಕೊಂಡು ಹೋಗುವುದನ್ನು ಇದರಲ್ಲಿ ಸೇರಿಸಿಲ್ಲ.

ಹೀಗಿರುವಾಗ ಐದಕ್ಕೆ ಎರಡು ಅಂಕ ಕೊಡುತ್ತೇನೆ. ಅವೆರಡೂ ಪ್ರವಾಹದ ನಕ್ಷೆಗೆ ಮತ್ತು ದೂರವಾಣಿಯ ಮಹಿಳೆಗೆ. ಬೇರೆ ರಾಜ್ಯದಿಂದ ಬರುತ್ತಿರುವ, ಪೇಟೆಯಲ್ಲಿಯೇ ಬಾಡಿಗೆಗೆ ಇರುವ ಜನಕ್ಕೆ ಈ ವರದಿ ಸ್ವಲ್ಪ ಉಪಯೋಗವಾದೀತು. ಜಮೀನು ಸಮೇತ ಮನೆ ಕೊಳ್ಳುವವರು ಮೌಲ್ಯಮಾಪನ ಕಚೇರಿಗೆ ಒಮ್ಮೆ ಕರೆ ಮಾಡಿ, ಇದೇ ಆಸ್ತಿ ಬರುವ ಜನವರಿಯಲ್ಲಿ ನಮ್ಮ ಹೆಸರಿನಲ್ಲಿದ್ದರೆ ತೆರಿಗೆ ಎಷ್ಟು ಬರಬಹುದು ಎಂದು ಕೇಳಿದರೆ ಸಾಕು. ನಾವು ಕೇಳಿದಾಗ ಹದಿನೈದು ನಿಮಿಷದಲ್ಲಿ, ಕಾಸು ಖರ್ಚಿಲ್ಲದೆ ಉತ್ತರ ಸಿಕ್ಕಿತು. ಮನೆಯ ಆಸೆಯನ್ನು ನಾವಿನ್ನೂ ಬಿಟ್ಟಿಲ್ಲ. ನೆರೆಯ ರೈತರೊಬ್ಬರು ಹನ್ನೊಂದು ಎಕರೆಯ ಹುಲ್ಲನ್ನು ಕೊಯ್ದುಕೊಳ್ಳಲು ಒಪ್ಪಿದ್ದಾರೆ, ಮಾರುವವರೊಡನೆ ಬೆಲೆಯ ಮಾತು ನಡೆಯುತ್ತಿದೆ.

ದೂರು ಬರೆದ ಮೂರು ವಾರಕ್ಕೆ ಸಂಸ್ಥೆಯಿಂದ ಪರಿಷ್ಕೃತ ವರದಿ ಬಂತು. ಆಸ್ತಿ ತೆರಿಗೆಯ ಸಾಲಿನಲ್ಲಿ 3,165 ಎಂದು ತಿದ್ದಿದ್ದರು. ನೀರು ಮತ್ತು ಒಳಚರಂಡಿಯ ಸಾಲಿನಲ್ಲಿ ತಿಂಗಳಿಗೆ 78 ಡಾಲರ್ ಹಾಗೆಯೇ ಇತ್ತು.